ಎಷ್ಟನೇ ದಿವಸ?

ಶ್ರದ್ಧಾಂಜಲಿ ಸಭೆಯಲ್ಲಿ ಸತ್ತವರ ಬಗ್ಗೆ ಒಂದೆರಡು ಸುಳ್ಳು ಹೇಳುವುದು ನಮ್ಮವರ ರೂಢಿ ಎಂದು ಗೊತ್ತಿತ್ತು. ಆದರೆ ಅಷ್ಟೊಂದು ಸುಳ್ಳನ್ನು ಒಂದೇ ಭಾನುವಾರ ಒಂದೇ ಮೈಕಿನಲ್ಲಿ ಹೇಳಬಹುದು ಎಂದು ಗೊತ್ತಿರಲಿಲ್ಲ. ನಮ್ಮ ಕನ್ನಡ ಸಂಘದ ಹಾಲಿನಲ್ಲಿ ಮೇಡಂ ಫೋಟೋಗೆ ಇಷ್ಟು ದಪ್ಪದ ಸೇವಂತಿಗೆ ಹಾರ ಹಾಕಿದ್ದರು. ಅಧ್ಯಕ್ಷರು ಎದ್ದು ‘ಸದಾ ಹಸನ್ಮುಖಿ’ ಎಂದರು. ಕಾರ್ಯದರ್ಶಿ ‘ಮಮತೆಯ ಮೂರ್ತಿ’ ಎಂದರು. ಮೇಡಂ ಅವರನ್ನು ಎರಡು ಸಲಕ್ಕಿಂತ ಹೆಚ್ಚು ನೋಡಿರಲಾರದ ಮತ್ತೊಬ್ಬರು ‘ನೊಂದವರಿಗೆಲ್ಲ ಸಾಂತ್ವನದ ಮಾತು ಹೇಳುತ್ತಿದ್ದ ತಾಯಿ’ ಎಂದು ಕಣ್ಣೊರೆಸಿಕೊಂಡರು. ನನಗೆ ಮೈಯೆಲ್ಲ ಉರಿದುಹೋಯಿತು.

ಹಸನ್ಮುಖಿಯಂತೆ! ನಾನು ಅವರ ಲ್ಯಾಬಿನಲ್ಲಿ ಒಂಬತ್ತು ವರ್ಷ ಟೆಕ್ನಿಷಿಯನ್ ಆಗಿದ್ದವಳು. ಅವರು ನಕ್ಕಿದ್ದು ನೋಡಿದ್ದು ಒಂದೇ ಸಲ. ಅದನ್ನು ಮುಂದೆ ಹೇಳುತ್ತೇನೆ. ಇನ್ನು ಸಾಂತ್ವನದ ಮಾತು ಅವರ ಬಾಯಿಂದ ಬಂದದ್ದು ನನ್ನ ಕಿವಿಗಂತೂ ಬಿದ್ದಿಲ್ಲ. ಫೋಟೋಗೆ ಹಾಕಿದ್ದ ಆ ಹೂವನ್ನೂ ಅವರು ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ. ಹೂವಿನ ವಾಸನೆ ಇಲಿಗಳಿಗೆ ಆಗುವುದಿಲ್ಲ ಎಂಬುದೇ ಕಾರಣ.

ಮೇಡಂ ಧಾರವಾಡದ ಕಡೆಯವರು. ಮದುವೆಯಾಗಿರಲಿಲ್ಲ. ಹೌಜ್ ಖಾಸ್‌ನಲ್ಲಿ ಯಾರದೋ ಮನೆಯ ಮಹಡಿ ಮೇಲಿನ ಒಂಟಿ ಕೋಣೆಯಲ್ಲಿ ಬಾಡಿಗೆಗಿದ್ದರು. ಅಲ್ಲಿಗೆ ಹತ್ತಿರದ ಒಂದು ಸಂಶೋಧನಾ ಸಂಸ್ಥೆಯಲ್ಲಿ ಅವರ ಲ್ಯಾಬು. ಒತ್ತಡ ಮಿದುಳಿಗೆ ಏನು ಮಾಡುತ್ತದೆ, ಖಿನ್ನತೆಯ ಔಷಧ ಅದನ್ನು ಹೇಗೆ ಸರಿಪಡಿಸುತ್ತದೆ ಎಂಬುದನ್ನು ಇಲಿಗಳ ಮೇಲೆ ನೋಡುವುದು ಅವರ ಕೆಲಸ. ಹೆಸರಿನ ಮುಂದೆ ಡಾಕ್ಟರ್ ಎಂದಿದ್ದ ತಪ್ಪಿಗೆ ಸಂಘದ ಗಣೇಶನ ಹಬ್ಬಕ್ಕೆ ಬಂದಾಗಲೆಲ್ಲ ನಮ್ಮವರು ಮಂಡಿನೋವು, ಗ್ಯಾಸು, ತಲೆಸುತ್ತು ಎಂದು ಸುತ್ತುವರಿಯುತ್ತಿದ್ದರು. ಮೇಡಂ ಉತ್ತರ ಒಂದೇ: “ನಾ ಇಲಿ ಡಾಕ್ಟರ್ ಇದ್ದೀನ್ರಿ. ನಿಮಗ ಬಾಲ ಇದ್ರ ಬರ್ರಿ, ನೋಡ್ತೀನಿ.”

ಒಂದು ವರ್ಷ ಯಾರೋ ಹಿರಿಯರು ಪ್ರಸಾದದ ದೊನ್ನೆ ಹಿಡಿದುಕೊಂಡೇ ಕೇಳಿದರು. “ಗಣಪತಿ ವಾಹನಾನ ಕೊಲ್ತೀರಲ್ಲ ಡಾಕ್ಟ್ರೇ, ಪಾಪ ಬರಲ್ವಾ?”

“ಬರ್ತದ,” ಎಂದರು ಮೇಡಂ. “ಅದಕ್ಕ ಒಂದೂ ವ್ಯರ್ಥ ಆಗಬಾರದು ಅಂತ ಹುಡುಗರಿಗೆ ಅಷ್ಟ ಬೈತೀನಿ.”

ಬೈಯುತ್ತಿದ್ದುದು ನಿಜ. ಪ್ರಾಣಿಗಳ ಕೋಣೆಗೆ ಹೋಗುವವರು ಪೌಡರ್ ಹಾಕಬಾರದು, ಮಲ್ಲಿಗೆ ಮುಡಿಯಬಾರದು, ಹಾಡು ಗುನುಗಬಾರದು. ದಿನವೂ ಅದೇ ಏಪ್ರನ್, ಅದೇ ಗಂಟೆ. ಒತ್ತಡದ ಹಾರ್ಮೋನು ಗಡಿಯಾರ ನೋಡಿಕೊಂಡು ಏರಿ ಇಳಿಯುತ್ತದೆ, ನೀವು ತಡವಾಗಿ ಬಂದು ರಕ್ತ ತೆಗೆದರೆ ಅಳೆಯುವುದು ಇಲಿಯ ಒತ್ತಡವನ್ನಲ್ಲ, ನಿಮ್ಮ ಸೋಮಾರಿತನವನ್ನು ಎನ್ನುವರು. ಎಲ್ಲಕ್ಕಿಂತ ಕಾಟದ್ದು ‘ಕೈ ಪರಿಚಯ’. ಪ್ರಯೋಗ ಶುರುವಾಗುವ ಮುಂಚೆ ವಾರವಿಡೀ ಪ್ರತಿಯೊಂದು ಇಲಿಯನ್ನೂ ಐದೈದು ನಿಮಿಷ ಕೈಯಲ್ಲಿ ಹಿಡಿದು ಸುಮ್ಮನೆ ಕೂರಬೇಕು. ಏನೂ ಮಾಡುವಂತಿಲ್ಲ, ಮಾತಾಡುವಂತಿಲ್ಲ. ನಲವತ್ತು ಇಲಿ ಇದ್ದರೆ ಲೆಕ್ಕ ಹಾಕಿಕೊಳ್ಳಿ. “ಪರಿಚಯ ಇಲ್ಲದ ಕೈಯಿಂದ ಔಷಧ ಕೊಟ್ರ ಅಂಜಿಕೇದು ಯಾವುದು, ಔಷಧದ್ದು ಯಾವುದು ತಿಳಿಯೂದಿಲ್ಲ,” ಎನ್ನುವರು.

ಒಮ್ಮೆ ಇಲ್ಲಿಯ ಹೆಂಗಸರು ಗಂಡನಿಗಾಗಿ ಉಪವಾಸ ಮಾಡುವ ಕರ್ವಾ ಚೌತ್ ಹಬ್ಬದ ಮರುದಿನ ಒಬ್ಬ ಸಂಶೋಧನಾ ವಿದ್ಯಾರ್ಥಿನಿ ಮೊಣಕೈವರೆಗೆ ಮೆಹೆಂದಿ ಹಚ್ಚಿಕೊಂಡು ಬಂದು ಇಲಿಗಳನ್ನು ಮುಟ್ಟಿದಳು. ಮೇಡಂ ಬಾಗಿಲಲ್ಲೇ ಮೂಗರಳಿಸಿದರು. ಆ ಇಡೀ ತಂಡದ ಅಂಕಿಅಂಶ ಕಸದ ಬುಟ್ಟಿಗೆ ಹೋಯಿತು. ಮೂರು ತಿಂಗಳ ಕೆಲಸ! “ಮೇಡಂ, ಏಕ್ ದಿನ್ ಹೀ ತೋ ಥಾ,” ಎಂದು ಆ ಹುಡುಗಿ ಅತ್ತಳು. “ಏಕ್ ದಿನ್ ತುಮ್ಹಾರೇ ಲಿಯೇ. ಚೂಹೇ ಕೇ ಲಿಯೇ ನಹೀಂ,” ಎಂದರು ಮೇಡಂ, ನಿನಗೆ ಒಂದೇ ದಿನ ಇರಬಹುದು, ಇಲಿಗಲ್ಲ ಎಂದು. ಮಮತೆಯ ಮೂರ್ತಿ ಎಂದವರು ಅವತ್ತು ಅಲ್ಲಿರಬೇಕಿತ್ತು.

ಅವರ ಜೀವನವೆಲ್ಲ ಒಂದೇ ಪ್ರಶ್ನೆಯ ಬೆನ್ನು ಹತ್ತಿ ಹೋಯಿತು. ಖಿನ್ನತೆಯ ಮಾತ್ರೆ ನುಂಗಿದ ಕೆಲವೇ ಗಂಟೆಗಳಲ್ಲಿ ಮಿದುಳಿನಲ್ಲಿ ಸಿರೊಟೋನಿನ್ ಏರುತ್ತದೆ. ಹಾಗಿದ್ದಮೇಲೆ ಮನಸ್ಸು ಯಾಕೆ ಅವತ್ತೇ ಏರುವುದಿಲ್ಲ? ಯಾಕೆ ವಾರಗಟ್ಟಲೆ ಕಾಯಬೇಕು? ನಮ್ಮ ಲ್ಯಾಬಿನಲ್ಲಿ ಇಲಿಗಳನ್ನು ದಿನಾ ಕೆಲವು ಗಂಟೆ ಇಕ್ಕಟ್ಟಿನ ಕೊಳವೆಯಲ್ಲಿ ಕೂಡಿಹಾಕುತ್ತಿದ್ದೆವು. ಕೊನೆಗೆ ಮಿದುಳಿನ ನೆನಪಿನ ಭಾಗವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ನರಕೋಶಗಳ ಕವಲುಗಳೆಲ್ಲ ಮೋಟಾಗಿರುತ್ತಿದ್ದವು. ಐದು ದಿನ ಔಷಧ ಕೊಟ್ಟವುಗಳಲ್ಲಿ ಏನೂ ಬದಲಾವಣೆ ಇಲ್ಲ. ಇಪ್ಪತ್ತೊಂದು ದಿನ ಕೊಟ್ಟವುಗಳಲ್ಲಿ ಕವಲು ಮತ್ತೆ ಹೊರಟಿರುತ್ತಿತ್ತು. ಅದಕ್ಕೇ ಗೋಡೆಯ ಮೇಲೆ ಇಪ್ಪತ್ತೊಂದು ಮನೆಗಳ ಚಾರ್ಟು. ದಿನಾ ಒಂಬತ್ತಕ್ಕೆ ಔಷಧ ಕೊಟ್ಟು ಒಂದು ಮನೆಗೆ ಗುರುತು ಹಾಕಬೇಕಾದವಳು ನಾನು. ಯಾರಾದರೂ ‘ಮೇಡಂ, ಫಲಿತಾಂಶ ಕಾಣ್ತಿಲ್ಲ’ ಎಂದರೆ ಅವರು ತಲೆ ಎತ್ತದೆ ಕೇಳುತ್ತಿದ್ದುದು ಒಂದೇ ಮಾತು, “ಎಷ್ಟನೇ ದಿವಸ?”

ಇಷ್ಟೆಲ್ಲ ಗೊತ್ತಿದ್ದ ನಾನು ಮಾಡಿದ್ದೇನು ಕೇಳಿ.

ನನ್ನ ಗಂಡ ಒಂದು ಸಚಿವಾಲಯದಲ್ಲಿ ಸೆಕ್ಷನ್ ಆಫೀಸರ್. ಆರ್.ಕೆ.ಪುರಂನಲ್ಲಿ ನಮ್ಮ ಕ್ವಾರ್ಟರ್ಸು. ದಿನಾ ತಮ್ಮ ಅಂಗಿಗೆ ತಾವೇ ಇಸ್ತ್ರಿ ಹಾಕಿಕೊಳ್ಳುತ್ತಿದ್ದ ಮನುಷ್ಯ ಒಂದು ಚಳಿಗಾಲ ಇಸ್ತ್ರಿ ಬಿಟ್ಟರು. ಆಮೇಲೆ ಕ್ಷೌರ ಬಿಟ್ಟರು. ನಸುಕಿಗೇ ಎದ್ದು ಗೋಡೆ ನೋಡುತ್ತ ಕೂರುವರು. ಎಂಟನೇ ಕ್ಲಾಸಿನಲ್ಲಿದ್ದ ಮಗಳು ಬಂದು “ಅಮ್ಮಾ, ಪಪ್ಪಾ ಆಜ್ ಭೀ ನಹಾಯೇ ನಹೀಂ,” ಎಂದು ಪಿಸುಗುಟ್ಟುವಳು, ಅಪ್ಪ ಇವತ್ತೂ ಸ್ನಾನ ಮಾಡಿಲ್ಲ ಎಂದು. ಕಾರಣ ಏನು ಎಂದರೆ ಯಾವುದೂ ಇಲ್ಲ. ಆಫೀಸಿನಲ್ಲಿ ಕಿರಿಕಿರಿ ಯಾರಿಗಿಲ್ಲ? ಕೊನೆಗೆ ಸರ್ಕಾರಿ ಆಸ್ಪತ್ರೆಯ ಮನೋವೈದ್ಯರಿಗೆ ತೋರಿಸಿದೆ. ಅವರು ಖಿನ್ನತೆ ಎಂದರು, ಮಾತ್ರೆ ಬರೆದರು. “ಶುರುವಿನಲ್ಲಿ ಹೊಟ್ಟೆ ತೊಳಸಬಹುದು, ನಿದ್ದೆ ಕೆಡಬಹುದು, ಗುಣ ಕಾಣೋಕೆ ನಾಲ್ಕಾರು ವಾರ ಬೇಕು, ನಡುವೆ ಬಿಡಬೇಡಿ,” ಎಂದು ಎರಡೆರಡು ಸಲ ಹೇಳಿದರು. ನಾನು ತಲೆಯಾಡಿಸಿದೆ. ನನಗೇ ಹೇಳಿಕೊಡುತ್ತಾರಲ್ಲ ಎಂದು ಒಳಗೊಳಗೆ ನಗುವೂ ಬಂದಿತ್ತು.

ಅಕ್ಕಪಕ್ಕದವರಿಗೆ ಕಾಮಾಲೆ ಎಂದು ಹೇಳಿದೆ. ಕಾಮಾಲೆ ಗೌರವದ ಕಾಯಿಲೆ. ಎದುರು ಮನೆಯ ಶರ್ಮಾ ಆಂಟಿ ಅವತ್ತೇ ಮೂಲಂಗಿ ಸೊಪ್ಪಿನ ರಸ ತಂದರು. “ಪೀಲಿಯಾ ಮೇ ಇಸ್ಸೇ ಅಚ್ಛಾ ಕುಛ್ ನಹೀಂ,” ಕಾಮಾಲೆಗೆ ಇದಕ್ಕಿಂತ ಒಳ್ಳೆಯದು ಬೇರಿಲ್ಲ ಎಂದು ಎದುರಿಗೇ ನಿಂತು ಕುಡಿಸಿಯೇ ಹೋದರು. ಅಲ್ಲಿಂದ ದಿನಾ ಬೆಳಿಗ್ಗೆ ಒಂದು ಲೋಟ ಹಸಿರು ರಸ ನಮ್ಮ ಮನೆಗೆ ಬರತೊಡಗಿತು.

ಹತ್ತು ದಿನವಾದರೂ ಗುಣವಿಲ್ಲ. ಕೈ ನಡುಕ, ವಾಕರಿಕೆ, ಇದ್ದ ಒಂದಿಷ್ಟು ನಿದ್ದೆಯೂ ಹೋಯಿತು. ಹನ್ನೊಂದನೇ ದಿನ ನಾನು ಮಾತ್ರೆಯ ಶೀಟನ್ನು ಹುರಿಗಡಲೆ ಡಬ್ಬಿಯಲ್ಲಿ ಹುದುಗಿಸಿಟ್ಟು, “ಸಾಕು ಬಿಡಿ, ಇದ್ಯಾವುದೋ ನಿಮಗೆ ಒಗ್ತಿಲ್ಲ,” ಎಂದೆ. ಅವರು ಆಯಿತು ಎಂದರು. ಆಗ ಏನು ಹೇಳಿದರೂ ಆಯಿತು ಎನ್ನುತ್ತಿದ್ದರು. ಅವತ್ತೇ ಒಂಬತ್ತಕ್ಕೆ ಲ್ಯಾಬಿಗೆ ಹೋಗಿ ಇಲಿಗಳಿಗೆ ಅದೇ ಜಾತಿಯ ಔಷಧ ಕೊಟ್ಟು ಹದಿನಾಲ್ಕನೇ ಮನೆಗೆ ಗುರುತು ಹಾಕಿದೆ. ಏನೂ ಅನ್ನಿಸಲೇ ಇಲ್ಲ. ಇದನ್ನು ಬರೆಯುವಾಗ ನನಗೆ ನನ್ನ ಕೆನ್ನೆಗೆ ಹೊಡೆದುಕೊಳ್ಳಬೇಕು ಎನ್ನಿಸುತ್ತದೆ.

ಮಾತ್ರೆ ಬಿಡಿಸಿದ ಆರನೇ ದಿನ ಬೆಳಿಗ್ಗೆ, ನಾನು ಡಬ್ಬಿಗೆ ಚಪಾತಿ ತುಂಬುತ್ತಿದ್ದಾಗ, ನನ್ನ ಗಂಡ ಅಡುಗೆಮನೆ ಬಾಗಿಲಲ್ಲಿ ನಿಂತು ನಿಧಾನವಾಗಿ ಹೇಳಿದರು. “ನಾನಿಲ್ಲದಿದ್ರೆ ನಿಮ್ಮಿಬ್ಬರಿಗೂ ಹಗುರ ಆಗುತ್ತೆ.” ಜಗಳದ ದನಿಯಲ್ಲ, ಅಳುವ ದನಿಯಲ್ಲ. ಹಾಲು ಮುಗಿದಿದೆ ಎನ್ನುವ ಹಾಗೆ. ಶರ್ಮಾ ಆಂಟಿಯನ್ನು ಕರೆದು “ಜ್ವರ ಜಾಸ್ತಿ ಇದೆ, ಇವರ ಹತ್ತಿರವೇ ಇರಿ, ಈಗ ಬಂದೆ,” ಎಂದು ಹೇಳಿ, ರಜೆ ಕೇಳಲು ಆಟೋ ಹಿಡಿದು ಲ್ಯಾಬಿಗೆ ಓಡಿದೆ. ರಜೆಯನ್ನು ಫೋನಿನಲ್ಲೇ ಕೇಳಬಹುದಿತ್ತು. ಯಾಕೆ ಹೋದೆನೋ ಗೊತ್ತಿಲ್ಲ. ಪ್ರಾಣಿಗಳ ಕೋಣೆಯಲ್ಲಿ ಆ ಚಾರ್ಟು ಕಂಡದ್ದೇ ಅಳು ಒತ್ತರಿಸಿ ಬಂತು.

ಹಿಂದಿನಿಂದ ಮೇಡಂ ದನಿ. “ಇಲಿ ಮುಂದ ಅಳಬ್ಯಾಡ. ಹೊರಗ ಬಾ.”

ಕಾರಿಡಾರಿನಲ್ಲಿ ನಿಂತು ಎಲ್ಲ ಹೇಳಿದೆ. ಬೆನ್ನು ಸವರಲಿಲ್ಲ. ನೀರು ಕೊಡಲಿಲ್ಲ. “ಎಷ್ಟನೇ ದಿವಸಕ್ಕ ಬಿಡಿಸಿದಿ?” ಎಂದರು.

“ಹನ್ನೊಂದು.”

ಅವರು ಏಪ್ರನ್ ಬಿಚ್ಚತೊಡಗಿದರು. ನಾನು ಬೈಗುಳಕ್ಕೆ ಕಾದೆ. “ಗಾಡಿ ತಗೀತೀನಿ. ಅವರನ್ನ ಕರಕೊಂಡು ಈಗಿಂದೀಗ ಆಸ್ಪತ್ರಿಗೆ ನಡಿ. ಬಿಡಿಸಿದ್ದನ್ನ ಡಾಕ್ಟರ್ ಮುಂದ ನೀನ ಹೇಳಬೇಕು. ನಾ ಹೇಳೂದಿಲ್ಲ,” ಎಂದರು. ತಮ್ಮ ಹಳೇ ಮಾರುತಿಯಲ್ಲಿ ಅವರೇ ಕರೆದುಕೊಂಡು ಹೋದರು. ಆಸ್ಪತ್ರೆಯ ವರಾಂಡದಲ್ಲಿ ನಮ್ಮ ಸರದಿ ಬರುವವರೆಗೆ ನನ್ನ ಗಂಡನ ಪಕ್ಕದಲ್ಲಿ ಬಾಯಿಬಿಡದೆ ಕೂತಿದ್ದರು. ಡಾಕ್ಟರು ನನಗೆ ಬೈದರು, ಅವರನ್ನು ಒಂಟಿಯಾಗಿ ಬಿಡಬೇಡಿ ಎಂದರು, ಮತ್ತೆ ಮೊದಲಿಂದ ಶುರು ಮಾಡಿಸಿದರು.

ಮರುದಿನ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಬೆಲ್ಲಾಯಿತು. ಮೇಡಂ! ಕೈಯಲ್ಲಿ ಸ್ಕೇಲು ಹಿಡಿದು ಗೆರೆ ಎಳೆದ ಒಂದು ಹಾಳೆ. ಇಪ್ಪತ್ತೊಂದು ಮನೆ. ಅದನ್ನು ನಮ್ಮ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದರು. ನನ್ನ ಗಂಡನ ಎದುರಿನ ಬೆತ್ತದ ಕುರ್ಚಿಯಲ್ಲಿ ಕೂತರು. ಮಾತ್ರೆ ನುಂಗಿದ್ದನ್ನು ನೋಡಿದರು. ಐದು ನಿಮಿಷ ಸುಮ್ಮನಿದ್ದರು. ಹೇಗಿದ್ದೀರಿ ಎಂದು ಕೇಳಲಿಲ್ಲ, ಧೈರ್ಯ ತಂದುಕೊಳ್ಳಿ ಎನ್ನಲಿಲ್ಲ. ಎದ್ದು ಮೊದಲನೇ ಮನೆಗೆ ಗುರುತು ಹಾಕಿ ಹೊರಟರು. ಮರುದಿನವೂ ಅದೇ ಎಂಟು, ಅದೇ ಬೂದು ಸೀರೆ, ಅದೇ ಕುರ್ಚಿ, ಅದೇ ಐದು ನಿಮಿಷ.

ಮೂರನೇ ದಿನ ನನಗೆ ಅರ್ಥವಾಯಿತು. ಕೈ ಪರಿಚಯ! ಎಲ್ಲಿಲ್ಲದ ಸಿಟ್ಟು ಬಂತು. ಮೆಟ್ಟಿಲಿನವರೆಗೆ ಹಿಂದೆ ಹೋಗಿ ಕೇಳಿಯೇಬಿಟ್ಟೆ. “ಮೇಡಂ, ನನ್ನ ಗಂಡ ನಿಮಗೆ ಇಲಿನಾ?”

ಅವರು ಚಪ್ಪಲಿ ಮೆಟ್ಟಿಕೊಳ್ಳುತ್ತ, “ಇಲಿಗೆ ಕೊಟ್ಟಷ್ಟು ಮರ್ಯಾದಿ ನೀ ಅವರಿಗೆ ಕೊಟ್ಟಿದ್ರ ಸಾಕಾಗಿತ್ತು ತಂಗಿ,” ಎಂದರು.

ನಾಲ್ಕೈದು ದಿನ ನನ್ನ ಗಂಡ ಅವರ ಕಡೆ ನೋಡಲೂ ಇಲ್ಲ. ಎಂಟನೇ ದಿನವೋ ಒಂಬತ್ತನೇ ದಿನವೋ, ಎಂಟಕ್ಕೆ ಐದು ನಿಮಿಷ ಇರುವಾಗ ಗಡಿಯಾರ ನೋಡಿದರು. ಇನ್ನೊಂದು ದಿನ ನಾನು ನೀರು ಹಿಡಿದು ಹೋಗುವಷ್ಟರಲ್ಲಿ ಬೆತ್ತದ ಕುರ್ಚಿ ಮೂಲೆಯಿಂದ ಎದುರಿಗೆ ಬಂದಿತ್ತು. ಎಳೆದವರು ನನ್ನ ಗಂಡನೇ. ಆದರೂ ನನಗೆ ತಾಳ್ಮೆ ಎಲ್ಲಿತ್ತು? “ಮೇಡಂ, ಇನ್ನೂ ಸರಿಯಾಗಿ ಊಟ ಮಾಡ್ತಿಲ್ಲ,” ಎಂದೆ. “ಎಷ್ಟನೇ ದಿವಸ?” ಎಂದರು. ಆಮೇಲೆ ಯಾಕೋ ಕಿಟಕಿಯಾಚೆ ಕೈ ತೋರಿಸಿದರು. ತೋಟಗಾರಿಕೆ ಇಲಾಖೆಯವರು ನಮ್ಮ ಬ್ಲಾಕಿನ ಬೇವಿನ ಮರದ ಕೊಂಬೆಗಳನ್ನೆಲ್ಲ ಕಡಿದು ಬೋಳು ಮಾಡಿ ಹೋಗಿದ್ದರು. “ಕಡದಾರ, ಸತ್ತಿಲ್ಲ. ಒಳಗ ಚಿಗುರಲಿಕತ್ತೈತಿ. ನಿನಗ ಕಾಣೂದಿಲ್ಲ ಅಂತ ನೀರ ಹಾಕೂದು ಬಿಡ್ತೀಯೇನು?” ನಾನು ಅವರಿಂದ ಕೇಳಿದ ಅತಿ ಉದ್ದದ ಮಾತು ಬಹುಶಃ ಅದೇ.

ಹದಿನೇಳನೇ ದಿನ. ಮೇಡಂ ಕೂತಿದ್ದಾಗಲೇ ಶರ್ಮಾ ಆಂಟಿ ಎಂದಿನಂತೆ ಹಸಿರು ಲೋಟ ಕೊಟ್ಟುಹೋದರು. ನಾನು ಅದನ್ನು ನನ್ನ ಗಂಡನ ಮುಂದೆ ಹಿಡಿದೆ. ಅಷ್ಟು ದಿನ ಮರುಮಾತಿಲ್ಲದೆ ಕುಡಿದಿದ್ದವರು ಲೋಟವನ್ನು ಟಕ್ಕನೆ ಕೆಳಗಿಟ್ಟು, “ಥೂ! ಈ ದರಿದ್ರ ಮೂಲಂಗಿ ರಸ ಇನ್ನು ನನ್ನ ಕೈಲಿ ಆಗಲ್ಲ. ಇಲ್ಲದ ಕಾಮಾಲೆಗೆ ಎಷ್ಟು ದಿನ ಕುಡಿಯೋದು? ಬೇಕಾದ್ರೆ ನೀನೇ ಕುಡಿ!” ಎಂದು ಕೂಗಿದರು.

ಮೇಡಂ ಎದ್ದು ಫ್ರಿಜ್ಜಿನ ಹತ್ತಿರ ಹೋದರು. ಹದಿನೇಳನೇ ಮನೆಯಲ್ಲಿ ಗುರುತಿನ ಬದಲು ದುಂಡಗಿನ ಅಕ್ಷರದಲ್ಲಿ ‘ಬೈದರು’ ಎಂದು ಬರೆದರು. ತಿರುಗಿ ನಿಂತು, ಒಂಬತ್ತು ವರ್ಷದಲ್ಲಿ ಮೊದಲ ಸಲ, ಕೊನೆಯ ಸಲ, ಬಾಯ್ತುಂಬ ನಕ್ಕರು. ಒಂದು ದವಡೆ ಹಲ್ಲು ಇರಲಿಲ್ಲ. ನನ್ನ ಗಂಡನೂ ನಕ್ಕರು. ನಾನು ಸ್ನಾನದ ಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಹೊಟ್ಟೆತುಂಬ ಅತ್ತೆ.

ಇಪ್ಪತ್ತೊಂದು ಮುಗಿದ ದಿನ ಇನ್ನೊಂದು ಹಾಳೆ ತಂದರು. “ಇಪ್ಪತ್ತೊಂದು ಇಲಿ ಲೆಕ್ಕ. ಮನಷ್ಯಾಗ ಇನ್ನೂ ಬೇಕು. ಯಾವಾಗ ಬಿಡಬೇಕು ಅನ್ನೂದು ಡಾಕ್ಟರ್ ಹೇಳ್ತಾರ, ನೀ ಹೇಳೂದಲ್ಲ.” ನನ್ನ ಗಂಡ ಮತ್ತೆ ಆಫೀಸಿಗೆ ಹೋದರು, ಇಸ್ತ್ರಿ ಹಾಕಿದ ಅಂಗಿಯಲ್ಲಿ. ಡಾಕ್ಟರು ಹೇಳುವವರೆಗೆ, ಒಂದೂವರೆ ವರ್ಷ, ಒಂದು ದಿನ ತಪ್ಪದೆ ಮಾತ್ರೆ ನುಂಗಿದರು. ನಾವಿಬ್ಬರೂ ಒಂದು ರೇಷ್ಮೆ ಸೀರೆ ತೆಗೆದುಕೊಂಡು ಮೇಡಂ ಕೋಣೆಗೆ ಹೋದೆವು. “ಹೊಸಾ ಸೀರಿ ವಾಸನಿ ಇಲಿಗೆ ಆಗೂದಿಲ್ಲ,” ಎಂದು ವಾಪಸು ಕೊಟ್ಟರು. ಚಹಾ ಕೂಡ ಕೊಡಲಿಲ್ಲ. ಇಂಥವರನ್ನು ಹೇಗೆ ಹೊಗಳುವುದು ಹೇಳಿ!

ಅವತ್ತು ಅವರು ಬೇರೊಂದು ಕೇಳಿದರು. “ಕಾಮಾಲಿ ಅಂತ ಇನ್ನೂ ಸುಳ್ಳ ಹೇಳ್ಕೋತ ಅಡ್ಡಾಡ್ತೀಯೇನು?”

“ಮಗಳಿದ್ದಾಳೆ ಮೇಡಂ. ನಾಳೆ ನಾಲ್ಕು ಜನ ಏನಂತಾರೆ?”

“ಮೂವತ್ತ ವರ್ಷದಿಂದ ನಾ ಕಣ್ಣಿಗೆ ಕಾಣೂ ಹಂಗ ತೋರಸ್ಲಿಕತ್ತೀನಿ, ಇದು ಜಡ್ಡು, ಮಿದುಳಿನ ಜಡ್ಡು, ವಾಸಿ ಆಗ್ತದ ಅಂತ. ಸ್ಲೈಡ್ ಮಾಡಿದಾಕಿ ನೀನ. ನನ್ನ ಟೆಕ್ನಿಷಿಯನ್ನೇ ನಂಬೂದಿಲ್ಲ ಅಂದ್ರ ಇನ್ನ ಲೋಕ ಯಾಕ ನಂಬೀತು?” ಅವರ ದನಿ ಒಡೆದಿತ್ತು. “ಒಬ್ಬರ ಮುಂದಾದ್ರೂ ಬಾಯಿ ಬಿಟ್ಟು ಹೇಳು.”

ಹೇಳುತ್ತೇನೆ ಎಂದೆ. ಆರೇಳು ತಿಂಗಳಿಗೊಮ್ಮೆ ಕೇಳುತ್ತಿದ್ದರು. “ಹೇಳಿದೇನು?” ಇನ್ನೂ ಇಲ್ಲ ಎನ್ನುತ್ತಿದ್ದೆ. “ಎಷ್ಟನೇ ದಿವಸ?” ಎಂದು ಕನ್ನಡಕದ ಮೇಲಿಂದ ನೋಡುತ್ತಿದ್ದರು. ಅವರು ನಿವೃತ್ತಿಯಾಗಿ ಗುರ್‌ಗಾಂವ್‌ನ ಫ್ಲ್ಯಾಟಿಗೆ ಹೋದಮೇಲೆ ನಾನು ನೋಡಲು ಹೋದದ್ದು ಎರಡೇ ಸಲ. ಎರಡನೇ ಸಲ ಅವರು ಆ ಪ್ರಶ್ನೆಯನ್ನೇ ಕೇಳಲಿಲ್ಲ. ಕೇಳದೇ ಇದ್ದದ್ದು ನನಗೆ ಹೆಚ್ಚು ಚುಚ್ಚಿತು.

ಈಗ ಆ ಸಭೆಗೆ ಬರೋಣ. ಭಾಷಣಗಳೆಲ್ಲ ಮುಗಿದಮೇಲೆ ಅಧ್ಯಕ್ಷರು, “ಮತ್ತೆ ಯಾರಾದರೂ ಎರಡು ಮಾತು?” ಎಂದರು. ನನ್ನ ಪಕ್ಕದಲ್ಲಿ ಕೂತಿದ್ದ ನನ್ನ ಗಂಡ ಎದ್ದು ನಿಂತರು. ಮೈಕಿನ ಹತ್ತಿರವೂ ಹೋಗಲಿಲ್ಲ. “ಮೇಡಂ ನನ್ನ ಹತ್ತಿರ ಯಾವ ಸಾಂತ್ವನದ ಮಾತೂ ಆಡಲಿಲ್ಲ,” ಎಂದರು. “ಆ ವರ್ಷ ನನಗೆ ಕಾಯಿಲೆ ಆಗಿತ್ತು. ಅದು...”

ನಾನು ಅವರ ಅಂಗಿಯ ತುದಿ ಹಿಡಿದು ಎಳೆದೆ.

ಯೋಚಿಸಿ ಎಳೆದದ್ದಲ್ಲ. ಕೈ ತಾನಾಗಿ ಹೋಯಿತು. ಅವರು ತಡವರಿಸಿದರು. ಅಷ್ಟರಲ್ಲಿ ಅಧ್ಯಕ್ಷರು ಮೈಕಿನಲ್ಲಿ, “ಹೌದು ಹೌದು, ಕಾಮಾಲೆ! ನನಗೆ ಚೆನ್ನಾಗಿ ನೆನಪಿದೆ. ಆಗ ಮೇಡಂ ದಿನಾ ಬೆಳಿಗ್ಗೆ ಮನೆಗೇ ಬಂದು ನೋಡಿಕೊಂಡು ಹೋಗ್ತಿದ್ದರಂತೆ. ಎಂಥ ಮಮತೆ!” ಎಂದರು. ಸಭೆಯೆಲ್ಲ ಚ್ಚು ಚ್ಚು ಎಂದಿತು. ನನ್ನ ಗಂಡ ಕೂತರು.

ಸಂಘದವರು ಸ್ಮರಣ ಸಂಚಿಕೆಗೆ ಒಂದು ಬರಹ ಕೊಡಿ ಎಂದು ನನ್ನನ್ನು ಕೇಳಿದರು. ಸುಳ್ಳುಗಳಿಗೆಲ್ಲ ಉತ್ತರ ಕೊಡುತ್ತೇನೆ ಎಂದು ಸಿಟ್ಟಿನಿಂದಲೇ ಕೂತು ಬರೆದೆ. ಬರೆದದ್ದನ್ನು ನನ್ನ ಗಂಡನಿಗೆ ಓದಲು ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು ಓದಿದರು. ಎರಡನೇ ಪುಟಕ್ಕೆ ಬಂದು ನಿಂತರು.

“‘ನಮ್ಮ ಪರಿಚಯದವರೊಬ್ಬರು’ ಅಂತ ಬರೆದಿದ್ದೀಯಲ್ಲ. ಯಾರಿವರು?”

“ರೀ, ಸಂಘದ ಪುಸ್ತಕ. ಎಲ್ಲರೂ ಓದ್ತಾರೆ.”

“ಓದಲಿ,” ಎಂದರು. ಪೆನ್ನು ಕೇಳಿ ತೆಗೆದುಕೊಂಡರು. ಆಫೀಸಿನ ಕಡತ ತಿದ್ದುವ ಹಾಗೆ, ಆ ‘ಪರಿಚಯದವರು’ ಬಂದ ಕಡೆಯಲ್ಲೆಲ್ಲ ಅಡ್ಡಗೆರೆ ಎಳೆದು, ಮೇಲೆ ‘ನನ್ನ ಗಂಡ’ ಎಂದು ಬರೆಯುತ್ತ ಹೋದರು. ನಾನು ಮಾತ್ರೆ ಬಿಡಿಸಿದ ಭಾಗದಲ್ಲಿ ‘ಅವರ ಹೆಂಡತಿ’ ಎಂದಿತ್ತು. ಅದನ್ನು ಮಾತ್ರ ಅವರು ಮುಟ್ಟಲಿಲ್ಲ. ಹಾಳೆಗಳನ್ನೂ ಪೆನ್ನನ್ನೂ ನನ್ನ ಕಡೆ ತಳ್ಳಿದರು. ಅದನ್ನು ನಾನೇ ತಿದ್ದಿದೆ.